ಬೂದಿ ದಿಬ್ಬ ಯಾವ ಡಿಪಾರ್ಟ್‌ಮೆಂಟಿಗೆ ಸೇರಿದ್ದು?

ಬಳ್ಳಾರಿಯಲ್ಲಿ ಹೊಸಪೇಟೆ ಬಸ್ಸು ಹತ್ತಿದರೆ ದಾರಿಯಲ್ಲಿ ಕುಡತಿನಿ ಸಿಗುತ್ತದೆ. ಊರು ಬರುವ ಮೊದಲೇ ಬಿಟಿಪಿಎಸ್ ಚಿಮಣಿಗಳು ಕಾಣುತ್ತವೆ. 1,700 ಮೆಗಾವ್ಯಾಟ್ ಸಾಮರ್ಥ್ಯದ ಶಾಖೋತ್ಪನ್ನ ವಿದ್ಯುತ್ ಕೇಂದ್ರ ಅದು. ಕಲ್ಲಿದ್ದಲು ಉರಿಯುತ್ತದೆ, ಬೂದಿ ಉಳಿಯುತ್ತದೆ. ಅದೇ ಕುಡತಿನಿ ಹತ್ತಿರ ಇನ್ನೊಂದು ಬೂದಿಯೂ ಇದೆ. ಅದಕ್ಕೆ ಹೆಚ್ಚುಕಡಿಮೆ 4,000 ವರ್ಷ ವಯಸ್ಸು. ಗುಡ್ಡದ ಹಾಗೆ ಬಿದ್ದಿರುವ ಬೂದಿ ದಿಬ್ಬ.

ನಾನು ಕೆಮಿಸ್ಟ್ರಿ ಪಾಠ ಮಾಡುವವಳು. ಬೂದಿ ನನಗೆ ಹೊಸದಲ್ಲ. ಆದರೆ ಈ ದಿಬ್ಬದ ಕಥೆ ಗೊತ್ತಾಗಿದ್ದು ತುಂಬಾ ತಡವಾಗಿ. ಗೊತ್ತಾದ ಮೇಲೆ, "ಬಹುಶಿಸ್ತೀಯ ಶಿಕ್ಷಣ ಅಂದ್ರೆ ಏನು ಮೇಡಂ?" ಎಂದು ಯಾರು ಕೇಳಿದರೂ ಸುತ್ತೋಲೆಯ ವಾಕ್ಯ ಓದಿ ಹೇಳುವುದನ್ನು ಬಿಟ್ಟಿದ್ದೇನೆ. ಕುಡತಿನಿ ಕಥೆ ಹೇಳುತ್ತೇನೆ.

ಬಳ್ಳಾರಿ, ರಾಯಚೂರು ಸೀಮೆಯಲ್ಲಿ ಇಂಥ ಬೂದಿ ದಿಬ್ಬಗಳು ಸಾಕಷ್ಟಿವೆ. ಹಂಪಿ ಹತ್ತಿರದ ನಿಂಬಾಪುರದ ದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಬ್ರಿಟಿಷರ ಕಾಲದ ಅಧಿಕಾರಿಗಳೂ ಇವುಗಳ ಮುಂದೆ ನಿಂತು ತಲೆ ಕೆರೆದುಕೊಂಡರು. ಜ್ವಾಲಾಮುಖಿ ಬೂದಿ ಎಂದವರಿದ್ದರು. ಕಬ್ಬಿಣ ಕರಗಿಸಿದ ಕುಲುಮೆಯ ಕಸ ಎಂದವರಿದ್ದರು. ದೊಡ್ಡ ಯುದ್ಧವಾದ ಮೇಲೆ ಸಾಮೂಹಿಕವಾಗಿ ಸುಟ್ಟ ಚಿತೆಗಳು ಎಂದವರೂ ಇದ್ದರು. ಇದರಲ್ಲಿ ಒಂದು ತಮಾಷೆ ಇದೆ. ಲೋಹದ ಕೆಲಸ ಗೊತ್ತಿದ್ದವರಿಗೆ ಅದು ಕುಲುಮೆಯಾಗಿ ಕಂಡಿತು. ಇತಿಹಾಸ ಓದಿದವರಿಗೆ ಯುದ್ಧವಾಗಿ ಕಂಡಿತು. ಯಾರೂ ದಡ್ಡರಲ್ಲ. ತಮಗೆ ಗೊತ್ತಿದ್ದದ್ದನ್ನೇ ಅಲ್ಲಿ ನೋಡಿದರು, ಅಷ್ಟೇ.

ರಾಬರ್ಟ್ ಬ್ರೂಸ್ ಫೂಟ್ ಎಂಬಾತ ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯಲ್ಲಿ ಕೆಲಸ ಮಾಡುತ್ತಿದ್ದ. ಅವನ ಸಂಬಳ ಕಲ್ಲುಬಂಡೆ ನೋಡುವುದಕ್ಕೆ. ಆದರೆ ಕಲ್ಲು ನೋಡುತ್ತಾ ನೋಡುತ್ತಾ ಅದರಲ್ಲಿ ಮನುಷ್ಯ ಕೈಯಿಂದ ಕೆತ್ತಿದ ಕಲ್ಲನ್ನೂ ಗುರುತಿಸತೊಡಗಿದ. 1863ರಲ್ಲಿ ಮದ್ರಾಸಿನ ಹತ್ತಿರದ ಪಲ್ಲಾವರಂನಲ್ಲಿ ಕಲ್ಲಿನ ಕೈಗೊಡಲಿ ಹೆಕ್ಕಿದವನೂ ಇವನೇ. ಬಳ್ಳಾರಿ ಸೀಮೆಗೆ ಬಂದು ಸಂಗನಕಲ್ಲು ಗುಡ್ಡಗಳನ್ನು ನೋಡಿದ, ಬೂದಿ ದಿಬ್ಬಗಳನ್ನೂ ನೋಡಿದ. ಇದು ದನದ ಸಗಣಿ ಸುಟ್ಟ ಬೂದಿ ಎಂದ. ಸಗಣಿ ಎಂದರೆ ಯಾರು ನಂಬುತ್ತಾರೆ? ವಾಲಿಯ ಚಿತೆ ಎನ್ನುವುದು ಎಷ್ಟು ಚೆಂದ ಕೇಳಿಸುತ್ತದೆ!

ವಾದ ಮುಂದಿನ ಶತಮಾನಕ್ಕೂ ಹರಿಯಿತು. ಕೊನೆಗೆ ಅದು ಬಗೆಹರಿದ ರೀತಿ ನೋಡಿ. ಫ್ರೆಡರಿಕ್ ಝ್ಯೂನರ್ ಲಂಡನ್ನಿನ ವಿಜ್ಞಾನಿ, ಮಣ್ಣು, ಹವಾಮಾನ, ಪಳೆಯುಳಿಕೆಗಳ ಕಡೆಯಿಂದ ಬಂದವರು. ಕುಡತಿನಿಯ ಬೂದಿಯನ್ನು ಸೂಕ್ಷ್ಮದರ್ಶಕದ ಕೆಳಗೆ ಇಟ್ಟು ನೋಡಿದರು. ಅದರಲ್ಲಿ ಹುಲ್ಲಿನ ಸಿಲಿಕಾ ಕಂಡಿತು. ಇಲ್ಲಿ ನನ್ನ ಸಬ್ಜೆಕ್ಟು ಸ್ವಲ್ಪ ಹೇಳಿಬಿಡುತ್ತೇನೆ. ಹುಲ್ಲು ಮಣ್ಣಿನಿಂದ ಸಿಲಿಕಾ ಹೀರಿಕೊಂಡು ಎಲೆಯಲ್ಲಿ ಇಟ್ಟುಕೊಳ್ಳುತ್ತದೆ. ಹುಲ್ಲಿನ ಅಂಚು ಕೈಗೆ ಕೊಯ್ಯುವುದು ಅದಕ್ಕೇ. ದನ ಹುಲ್ಲು ತಿಂದರೂ ಸಿಲಿಕಾ ಕರಗುವುದಿಲ್ಲ, ಸಗಣಿಯಲ್ಲಿ ಹಾಗೇ ಹೊರಬರುತ್ತದೆ. ಶುದ್ಧ ಸಿಲಿಕಾ ಕರಗಬೇಕಾದರೆ ಸುಮಾರು 1,700 ಡಿಗ್ರಿ ಸೆಲ್ಸಿಯಸ್ ಶಾಖ ಬೇಕು. ಬಯಲಿನ ಬೆಂಕಿಗೆ ಅಷ್ಟು ತಾಕತ್ತಿಲ್ಲ. ಆದರೆ ಬೂದಿಯಲ್ಲಿ ಪೊಟ್ಯಾಶ್‌ನಂಥ ಕ್ಷಾರಗಳೂ ಇರುತ್ತವೆ. ಅವು ಸೇರಿದರೆ ಸಿಲಿಕಾ ಬಹಳ ಕಡಿಮೆ ಶಾಖಕ್ಕೇ ಕರಗಿ ಗಾಜಿನ ಹಾಗೆ ಗಟ್ಟಿಯಾಗುತ್ತದೆ. ಬಳೆಗಾಜು ಮಾಡುವವರು ಮರಳಿಗೆ ಸೋಡಾ ಸೇರಿಸುವುದೂ ಇದೇ ಲೆಕ್ಕದಲ್ಲಿ. ದಿಬ್ಬದಲ್ಲಿ ಸಿಗುವ ಗಾಜಿನಂಥ ಕಿಟ್ಟ ನೋಡಿ ಇದು ಕುಲುಮೆ, ಇದು ಜ್ವಾಲಾಮುಖಿ ಎಂದವರು ಎಡವಿದ್ದು ಇಲ್ಲೇ.

ಹೆಚ್ಚುಕಡಿಮೆ ಅದೇ ಹೊತ್ತಿಗೆ, 1957ರಲ್ಲಿ, ಪುರಾತತ್ವಜ್ಞ ರೇಮಂಡ್ ಆಲ್ಚಿನ್ ಈಗಿನ ತೆಲಂಗಾಣದ ಉತ್ನೂರಿನಲ್ಲಿ ಒಂದು ದಿಬ್ಬ ಅಗೆದರು. ಬೂದಿ ಪದರಗಳ ನಡುವೆ ದನದ ಗೊರಸಿನ ಗುರುತು ಸಿಕ್ಕಿತು. ಸುತ್ತಲೂ ಗೂಟ ನೆಟ್ಟ ಕುಳಿಗಳು ಸಿಕ್ಕವು. ಅದು ದನದ ದೊಡ್ಡಿ! ವರ್ಷಗಟ್ಟಲೆ ದನ ಕಟ್ಟಿದ್ದಾರೆ, ಸಗಣಿ ಬಿದ್ದಿದೆ, ಅದಕ್ಕೆ ಬೆಂಕಿ ಇಟ್ಟಿದ್ದಾರೆ. ಮತ್ತೆ ಅಲ್ಲೇ ಕಟ್ಟಿದ್ದಾರೆ, ಮತ್ತೆ ಬೆಂಕಿ.

ಮುಂದೆ ಸುರಪುರ ಸೀಮೆಯ ಬೂದಿಹಾಳದಲ್ಲಿ ಕೆ. ಪದ್ದಯ್ಯ ಅಗೆದಾಗ ದೊಡ್ಡಿಯ ಜೊತೆಗೇ ಜನ ಬಾಳಿದ ಮನೆಗಳ ಗುರುತೂ ಸಿಕ್ಕಿತು. ನಮ್ಮ ಸಂಗನಕಲ್ಲಿನಲ್ಲಿ ಧಾರವಾಡದ ರವಿ ಕೋರಿಶೆಟ್ಟರ್, ಕೇಂಬ್ರಿಡ್ಜಿನ ನಿಕೋಲ್ ಬೊಯ್ವಿನ್, ಲಂಡನ್ನಿನ ಡೋರಿಯನ್ ಫುಲ್ಲರ್ ಜೊತೆಗೂಡಿ ಕೆಲಸ ಮಾಡಿದರು. ಫುಲ್ಲರ್ ಅವರದ್ದು ಹಳೆಯ ಬೀಜಗಳ ವಿದ್ಯೆ. ಅಗೆದ ಮಣ್ಣನ್ನು ನೀರಿಗೆ ಹಾಕಿ ಕಲಕುತ್ತಾರೆ. ಮಣ್ಣು ತಳಕ್ಕೆ ಹೋಗುತ್ತದೆ, ಸುಟ್ಟು ಕರಕಾದ ಕಾಳು ಮೇಲೆ ತೇಲುತ್ತದೆ. ಅಕ್ಕಿ ತೊಳೆಯುವಾಗ ಜೊಳ್ಳು ತೇಲುತ್ತದಲ್ಲ, ಹಾಗೆ. ಹಾಗೆ ತೇಲಿ ಬಂದಿದ್ದು ಹುರುಳಿ, ಹೆಸರು, ಕೊರಲೆ. ಈಗ ಸಿರಿಧಾನ್ಯ ಎಂದು ದುಬಾರಿ ಬೆಲೆಗೆ ಮಾರುವ ಅದೇ ಕೊರಲೆ. 4,000 ವರ್ಷದ ಹಿಂದೆ ಬಳ್ಳಾರಿ ಜನರ ದಿನದ ಊಟ.

ಈಗ ಹೇಳಿ, ಈ ದಿಬ್ಬ ಯಾವ ಡಿಪಾರ್ಟ್‌ಮೆಂಟಿಗೆ ಸೇರಿದ್ದು? ಇತಿಹಾಸಕ್ಕಾ? ಭೂವಿಜ್ಞಾನಕ್ಕಾ? ಸಸ್ಯಶಾಸ್ತ್ರಕ್ಕಾ? ಪಶುವೈದ್ಯಕ್ಕಾ? ದಿಬ್ಬಕ್ಕೆ ಇದ್ಯಾವುದೂ ಗೊತ್ತಿಲ್ಲ. ಡಿಪಾರ್ಟ್‌ಮೆಂಟು ನಾವು ಮಾಡಿಕೊಂಡ ಅನುಕೂಲ. ಪಾಠ ಮಾಡಲು, ಸಂಬಳ ಹಂಚಲು, ಪರೀಕ್ಷೆ ನಡೆಸಲು ಅದು ಬೇಕು. ಆದರೆ ಲೋಕದ ತೊಂದರೆಗಳು ನಮ್ಮ ಟೈಮ್ ಟೇಬಲ್ ನೋಡಿಕೊಂಡು ಬರುವುದಿಲ್ಲ.

ಇಲ್ಲಿ ಎರಡು ಪದ ಬಿಡಿಸಿ ಹೇಳಬೇಕು. ಬಹುಶಿಸ್ತೀಯ, ಅಂತರಶಿಸ್ತೀಯ. ಎರಡನ್ನೂ ಕಲಸಿ ಬಳಸುವುದೇ ಜಾಸ್ತಿ. ಸಂಜೆ ಬಳ್ಳಾರಿಯಲ್ಲಿ ಬಂಡಿ ಮುಂದೆ ನಿಂತು ಒಗ್ಗರಣೆ-ಮಿರ್ಚಿ ತಿಂದವರಿಗೆ ಇದು ಸಲೀಸು. ಒಂದೇ ತಟ್ಟೆಯಲ್ಲಿ ಒಗ್ಗರಣೆ ಒಂದು ಕಡೆ, ಮಿರ್ಚಿ ಒಂದು ಕಡೆ. ಅದರ ರುಚಿ ಅದಕ್ಕೆ, ಇದರ ರುಚಿ ಇದಕ್ಕೆ. ಜೊತೆಗಿದ್ದರೆ ಚೆನ್ನ, ಆದರೆ ಬೇರೆ ಬೇರೆ. ಅದು ಬಹುಶಿಸ್ತೀಯ. ಒಂದು ಸಮಸ್ಯೆಯನ್ನು ನಾಲ್ಕು ವಿಷಯದವರು ನಾಲ್ಕು ಕಡೆಯಿಂದ ನೋಡಿ ತಮ್ಮ ತಮ್ಮ ವರದಿ ಕೊಡುವುದು. ಇನ್ನು ಬರೀ ಒಗ್ಗರಣೆ ನೋಡಿ. ನೆನೆದ ಮಂಡಕ್ಕಿ, ಪುಟಾಣಿ ಹಿಟ್ಟು, ಈರುಳ್ಳಿ, ನಿಂಬೆರಸ. ಕಲಸಿದ ಮೇಲೆ ಪುಟಾಣಿ ಹಿಟ್ಟು ಎಲ್ಲಿ ಎಂದು ಬೆರಳಿಟ್ಟು ತೋರಿಸಲಾಗದು. ಅದು ಅಂತರಶಿಸ್ತೀಯ. ಒಬ್ಬರ ವಿಧಾನ ಇನ್ನೊಬ್ಬರ ಪ್ರಶ್ನೆಯನ್ನೇ ಬದಲಿಸಿಬಿಡುತ್ತದೆ. "ಇಲ್ಲಿ ಯಾವ ಯುದ್ಧ ನಡೆಯಿತು?" ಎಂಬ ಪ್ರಶ್ನೆಯನ್ನು ಸೂಕ್ಷ್ಮದರ್ಶಕವೊಂದು "ಇಲ್ಲಿ ಎಷ್ಟು ದನ ಇದ್ದವು?" ಎಂದು ಬದಲಿಸಿತಲ್ಲ, ಹಾಗೆ.

ನನ್ನ ಮಟ್ಟಿಗೆ ಇದರ ನಿಜವಾದ ಬೆಲೆ ಇರುವುದು ಅಲ್ಲೇ. ನಾಲ್ಕು ವಿಷಯ ಗೊತ್ತಿದ್ದರೆ ಕೆಲಸ ಬೇಗ ಸಿಗುತ್ತದೆ ಎಂದು ಕಾಲೇಜಿನ ಭಾಷಣಗಳಲ್ಲಿ ಹೇಳುತ್ತಾರೆ. ಇರಬಹುದು. ಅದಕ್ಕಿಂತ ದೊಡ್ಡ ಲಾಭ, ನನ್ನ ವಿಷಯದೊಳಗಿದ್ದು ನನಗೆ ಕಾಣದ ತಪ್ಪು ಪಕ್ಕದ ವಿಷಯದವರ ಕಣ್ಣಿಗೆ ಬೀಳುತ್ತದೆ.

ಹಳೆಯ ಬೂದಿ ಸಾಕು. ಈಗಿನ ಮಣ್ಣಿಗೆ ಬರೋಣ.

ನನ್ನ ಮಾವನವರ ಊರು ಸಿಂಧನೂರು ಕಡೆ. ತುಂಗಭದ್ರಾ ಎಡದಂಡೆ ಕಾಲುವೆ ನೀರು. ಒಂದು ಸಂಕ್ರಾಂತಿಗೆ ಹೋದಾಗ ಬೆಳಿಗ್ಗೆ ಹೊಲದ ಕಡೆ ನಡೆದೆ. ಬದುವಿನ ಪಕ್ಕ ನೆಲ ಬೆಳ್ಳಗಿತ್ತು. ಇಬ್ಬನಿ ಇರಬೇಕು ಅಂದುಕೊಂಡೆ. ಕಾಲಿಟ್ಟರೆ ಹಪ್ಪಳ ಮುರಿದ ಹಾಗೆ ಪರಕ್ ಎಂದಿತು. ಬೆರಳಿಗೆ ತಾಗಿಸಿಕೊಂಡು ನಾಲಿಗೆಗೆ ಇಟ್ಟೆ. ಕೆಮಿಸ್ಟ್ರಿ ಓದಿದವರು ಮಾಡಬಾರದ ಕೆಲಸ ಅದು, ಮಕ್ಕಳೇ. ಉಪ್ಪು. ಮಾವ ಹಿಂದಿನಿಂದ, "ಸವಳು ಬಂದೈತಮ್ಮಾ. ಆ ತುಂಡು ಹೋತು" ಎಂದರು.

ಏನಾಗುತ್ತದೆ ಎಂದರೆ, ಎರೆ ಮಣ್ಣಿನಲ್ಲಿ ನೀರು ಕೆಳಗೆ ಇಳಿಯುವುದು ಬಹಳ ನಿಧಾನ. ವರ್ಷಕ್ಕೆ ಎರಡು ಸಲ ಭತ್ತಕ್ಕೆ ನೀರು ನಿಲ್ಲಿಸಿದರೆ ನೆಲದೊಳಗಿನ ನೀರಿನ ಮಟ್ಟ ಮೇಲೇರುತ್ತಾ ಬರುತ್ತದೆ. ಬೇರಿನ ಹತ್ತಿರ ಬಂದ ಮೇಲೆ ಮಣ್ಣೇ ದೀಪದ ಬತ್ತಿಯ ಹಾಗೆ ಆ ನೀರನ್ನು ಮೇಲಕ್ಕೆ ಎಳೆಯುತ್ತದೆ. ಬಿಸಿಲಿಗೆ ನೀರು ಆರಿ ಹೋಗುತ್ತದೆ, ನೀರಿನಲ್ಲಿದ್ದ ಉಪ್ಪು ಉಳಿಯುತ್ತದೆ. ಉಪ್ಪು ಕೂತರೆ ಸವಳು, ನೀರು ನಿಂತರೆ ಜವಳು. ನಮ್ಮ ಕಡೆ ಎರಡನ್ನೂ ಸೇರಿಸಿ ಸವಳು-ಜವಳು ಎನ್ನುತ್ತಾರೆ.

ಇದಕ್ಕೆ ಮದ್ದು ಗೊತ್ತಿದೆ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರ ಇದರ ಮೇಲೆ ಎಷ್ಟೋ ವರ್ಷಗಳಿಂದ ಕೆಲಸ ಮಾಡುತ್ತಿದೆ. ನೆಲದೊಳಗೆ ತೂತಿನ ಪೈಪು ಹೂತು ಉಪ್ಪುನೀರು ಬಸಿದು ಹೋಗುವ ಹಾಗೆ ಮಾಡುವುದು ಒಂದು ದಾರಿ. ಮಣ್ಣಿನಲ್ಲಿ ಸೋಡಿಯಂ ಜಾಸ್ತಿಯಾಗಿದ್ದರೆ ಜಿಪ್ಸಮ್ ಹಾಕುತ್ತಾರೆ. ಹಾಗಾದರೆ ಮಣ್ಣು ವಿಜ್ಞಾನಿ ಒಬ್ಬ, ಎಂಜಿನಿಯರ್ ಒಬ್ಬ ಇದ್ದರೆ ಮುಗಿಯಿತಲ್ಲ? ನಾನೂ ಮಾವನವರಿಗೆ ಅದನ್ನೇ ಹೇಳಿದೆ. ಅವರು ನಕ್ಕರು. "ಪೈಪಿನ ನೀರು ಎಲ್ಲಿಗೆ ಬಿಡ್ಬೇಕು? ಕೆಳಗಿನವ್ರ ಹೊಲಕ್ಕೆ. ಅವ್ರು ಸುಮ್ನಿರ್ತಾರೇನು?"

ಅಲ್ಲಿಗೆ ವಿಷಯ ಎಂಜಿನಿಯರ್ ಕೈ ದಾಟಿತು. ಬಸಿದ ನೀರು ಹಳ್ಳ ಸೇರಬೇಕಾದರೆ ಹತ್ತಾರು ಜನ ರೈತರು ಒಂದು ಮಾತಿಗೆ ಬರಬೇಕು. ಅದು ಸಮಾಜಶಾಸ್ತ್ರ. ಇನ್ನು ಭತ್ತವೇ ಯಾಕೆ ಬೆಳೆಯುತ್ತಾರೆ? 1945ರಲ್ಲಿ ಶುರುವಾಗಿ 1953ರಲ್ಲಿ ನೀರು ನಿಲ್ಲಿಸಿದ ಈ ಅಣೆಕಟ್ಟಿನ ಎಡದಂಡೆ ಯೋಜನೆ ಬಹುಪಾಲು ಜೋಳ, ಹತ್ತಿ, ಶೇಂಗಾದಂಥ ಕಡಿಮೆ ನೀರಿನ ಬೆಳೆಗೆ ಹಾಕಿದ ಲೆಕ್ಕ. ಸ್ವಲ್ಪ ಸ್ವಲ್ಪ ನೀರು, ಜಾಸ್ತಿ ಊರಿಗೆ. ಆದರೆ ಕಾಲುವೆಯ ಮೇಲ್ಭಾಗದಲ್ಲಿ ಭತ್ತ ಬಂತು. ಭತ್ತ ಗೊತ್ತಿದ್ದ ಕರಾವಳಿ ಆಂಧ್ರದ ರೈತರು ಬಂದು ಕ್ಯಾಂಪ್ ಹಾಕಿದರು, ರೈಸ್ ಮಿಲ್ ಬಂತು, ಮಾರುಕಟ್ಟೆ ಬಂತು. ಅದು ಅರ್ಥಶಾಸ್ತ್ರ. ಮೇಲೆ ನೀರು ಜಾಸ್ತಿಯಾಗಿ ನೆಲ ಸವಳಾದರೆ, ಕೆಳಗೆ ಮಾನ್ವಿ, ರಾಯಚೂರು ಕಡೆ ಕೊನೆ ಭಾಗದ ರೈತ ನೀರಿಲ್ಲ ಎಂದು ರಸ್ತೆಗೆ ಇಳಿಯುತ್ತಾನೆ. ಅದು ರಾಜಕೀಯ, ಕಾನೂನು ಎರಡೂ. ಒಂದೇ ಕಾಲುವೆ. ಮೇಲೆ ನೀರು ರೋಗ, ಕೆಳಗೆ ನೀರೇ ಇಲ್ಲ. ಬರೀ ಮಣ್ಣು ಪರೀಕ್ಷೆ ಮಾಡಿದವರಿಗೆ ಇದರಲ್ಲಿ ಅರ್ಧವೂ ಕಾಣುವುದಿಲ್ಲ. ಹಾಗೆಂದು ಬರೀ ಭಾಷಣ ಮಾಡುವವರಿಗೆ ಆ ಬಿಳಿ ಪರೆ ಯಾಕೆ ಬಂತು ಎಂದೇ ತಿಳಿಯದು.

ಇನ್ನೊಂದು ಉದಾಹರಣೆ ಚಿಕ್ಕದು, ಆದರೆ ಕೇಳಿದಾಗ ನನಗೆ ಮೈ ಜುಮ್ ಎಂದಿತ್ತು. 1970ರ ದಶಕದಲ್ಲಿ ನಾಗಾರ್ಜುನಸಾಗರ ಅಣೆಕಟ್ಟಿನ ಆಸುಪಾಸಿನ ಊರುಗಳಲ್ಲಿ ಹುಡುಗರ ಮೊಣಕಾಲು ಒಳಕ್ಕೆ ಬಾಗುತ್ತಿತ್ತು. ನೀರಿನಲ್ಲಿ ಫ್ಲೋರೈಡ್ ಇದೆ ಎಂಬುದು ಮೊದಲೇ ಗೊತ್ತಿತ್ತು. ಆದರೆ ಮೂಳೆ ಈ ರೀತಿ ಬಾಗುವುದು ಹೊಸದು. ಹೈದರಾಬಾದಿನ ರಾಷ್ಟ್ರೀಯ ಪೋಷಣೆ ಸಂಸ್ಥೆಯವರು ಎಳೆ ಹಿಡಿದು ಹೋದರು. ಅಣೆಕಟ್ಟಿನಿಂದ ನೀರು ಜಿನುಗಿ ನೆಲದೊಳಗಿನ ನೀರಿನ ಮಟ್ಟ ಏರಿತು, ಮಣ್ಣು ಕ್ಷಾರವಾಯಿತು, ಅಂಥ ಮಣ್ಣಿನಲ್ಲಿ ಬೆಳೆದ ಜೋಳ ಮಾಲಿಬ್ಡಿನಮ್ ಎಂಬ ಲೋಹವನ್ನು ಜಾಸ್ತಿ ಹೀರಿತು, ಅದು ದೇಹದ ತಾಮ್ರವನ್ನು ಕಡಿಮೆ ಮಾಡಿ ಮೂಳೆಗೆ ಪೆಟ್ಟು ಕೊಟ್ಟಿರಬಹುದು ಎಂಬುದು ಅವರ ವಿವರಣೆ. ಮೊಣಕಾಲಿನಿಂದ ಹೊರಟವರು ಅಣೆಕಟ್ಟಿಗೆ ಬಂದು ಮುಟ್ಟಿದರು! ಬರೀ ಮೂಳೆ ಡಾಕ್ಟರ ಕೈಯಲ್ಲಿ ಬಿಟ್ಟಿದ್ದರೆ ಎಕ್ಸ್‌ರೇಗೇ ನಿಲ್ಲುತ್ತಿತ್ತು. ಕೊಪ್ಪಳ, ರಾಯಚೂರಿನ ಊರುಗಳಲ್ಲಿ ಬೋರ್‌ವೆಲ್ ನೀರಿನ ಫ್ಲೋರೈಡ್ ಇವತ್ತಿಗೂ ಇದೆ. ಲೀಟರಿಗೆ 1.5 ಮಿಲಿಗ್ರಾಂ ದಾಟಬಾರದು ಎಂಬುದು ಮಿತಿ. ಅದನ್ನು ಅಳೆಯುವುದು ನನ್ನಂಥವರ ಕೆಲಸ. ಆದರೆ ಶುದ್ಧ ನೀರಿನ ಘಟಕ ಕೆಟ್ಟು ನಿಂತಾಗ ಅದನ್ನು ಯಾರು ರಿಪೇರಿ ಮಾಡಿಸಬೇಕು ಎಂಬುದಕ್ಕೆ ನನ್ನ ಲ್ಯಾಬಿನಲ್ಲಿ ಉತ್ತರವಿಲ್ಲ.

ಹೀಗಿರುವಾಗ ಕಾಲೇಜುಗಳು ಏನು ಮಾಡುತ್ತಿವೆ?

ಮಾತು ಹೊಸದಲ್ಲ. ಸ್ವಾತಂತ್ರ್ಯ ಬಂದ ಹೊಸತರಲ್ಲೇ, 1948-49ರ ರಾಧಾಕೃಷ್ಣನ್ ಆಯೋಗ ವಿಜ್ಞಾನದವರಿಗೆ ಸಾಹಿತ್ಯ, ಸಾಹಿತ್ಯದವರಿಗೆ ವಿಜ್ಞಾನ ಬೇಕು ಎಂಬ ಅರ್ಥದ ಸಾಮಾನ್ಯ ಶಿಕ್ಷಣದ ಮಾತಾಡಿತ್ತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ, 2040ರ ಹೊತ್ತಿಗೆ ಎಲ್ಲ ಉನ್ನತ ಶಿಕ್ಷಣ ಸಂಸ್ಥೆಗಳೂ ಬಹುಶಿಸ್ತೀಯ ಆಗಬೇಕು ಎಂಬ ಗುರಿ ಇಟ್ಟಿತು. ಕರ್ನಾಟಕ 2021-22ರಲ್ಲೇ ಅದನ್ನು ಜಾರಿಗೆ ತಂದಿತು. ಬಿ.ಕಾಂ ಹುಡುಗ ಬಾಟನಿಯ ಒಂದು ಮುಕ್ತ ಐಚ್ಛಿಕ ಪತ್ರಿಕೆ ತಗೊಳ್ಳಬಹುದಾಯಿತು. 2024ರಲ್ಲಿ ರಾಜ್ಯ ಸರ್ಕಾರ ನಾಲ್ಕು ವರ್ಷದ ಪದವಿ ಕೈಬಿಟ್ಟು ಮತ್ತೆ ಮೂರು ವರ್ಷಕ್ಕೆ ಬಂತು. ನೀತಿಯ ರಾಜಕೀಯ ಇಲ್ಲಿ ಬೇಡ. ತರಗತಿಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ.

ನಾನು ಆಗ ಇದ್ದ ಕಾಲೇಜಿನಲ್ಲಿ ಮುಕ್ತ ಐಚ್ಛಿಕ ಎಂದರೆ ಮಧ್ಯಾಹ್ನ 3 ಗಂಟೆಯ ಪೀರಿಯಡ್ಡು. ಹಳ್ಳಿ ಬಸ್ಸು ಹೋಗುವ ಹೊತ್ತು. ಅತಿಥಿ ಉಪನ್ಯಾಸಕರು ಯಾವ ದಿನ ಇರುತ್ತಾರೋ ಅದೇ ಐಚ್ಛಿಕ. "ಯಾವುದರಲ್ಲಿ ಮಾರ್ಕ್ಸ್ ಸುಲಭ ಮೇಡಂ?" ಎಂದು ಹುಡುಗರು ಕೇಳುತ್ತಿದ್ದರು. ಅವರನ್ನು ಬೈಯುವುದು ಹೇಗೆ? ನಾವು ಕೊಟ್ಟದ್ದು ಹತ್ತು ಪುಟದ ನೋಟ್ಸು. ಬಾಟನಿಯ ಮೊದಲ ಹತ್ತು ಪುಟ ಓದಿದ ಬಿ.ಕಾಂ ಹುಡುಗ ಬಹುಶಿಸ್ತೀಯ ಆಗುವುದಿಲ್ಲ. ಅವನು ಬಾಟನಿಯಲ್ಲಿ ಅರೆಬರೆ ಆಗುತ್ತಾನೆ, ಅಷ್ಟೇ. ಈ ವಿಚಾರದಲ್ಲಿ ನನಗೆ ಸಿಟ್ಟಿದೆ, ಮುಚ್ಚಿಡುವುದಿಲ್ಲ. ಝ್ಯೂನರ್ ಬೂದಿಯನ್ನು ಓದಿದ್ದು ತಮ್ಮ ವಿದ್ಯೆಯಲ್ಲಿ ಆಳ ಇದ್ದದ್ದರಿಂದ. ಒಂದು ಬಾವಿ ನೀರು ಬರುವ ತನಕ ತೋಡಿರಬೇಕು. ಆಮೇಲೆ ಪಕ್ಕದ ಬಾವಿಯವರ ಜೊತೆ ಮಾತಾಡುವ ಭಾಷೆ ಕಲಿಯಬೇಕು. ಊರೆಲ್ಲಾ ಮೊಣಕಾಲುದ್ದ ತೋಡಿ ಬಿಟ್ಟರೆ ಕಾಲು ಮುರಿದುಕೊಳ್ಳುವುದಕ್ಕೆ ಮಾತ್ರ ಉಪಯೋಗ.

ಸಂಶೋಧನೆಯಲ್ಲಿ ತೊಂದರೆ ಬೇರೆ ಥರ. ಸವಳು ಭೂಮಿಯ ಬಗ್ಗೆ ಅರ್ಧ ಮಣ್ಣು, ಅರ್ಧ ಸಮಾಜ ಎಂದು ಪಿಎಚ್‌ಡಿ ಮಾಡಿದವರು ನಾಳೆ ಯಾವ ವಿಷಯದ ಹುದ್ದೆಗೆ ಅರ್ಜಿ ಹಾಕಬೇಕು? ಅರ್ಜಿಯಲ್ಲಿ ವಿಷಯಕ್ಕೆ ಒಂದೇ ಖಾನೆ. ಮಾರ್ಗದರ್ಶಕರು ಇಬ್ಬರಾದರೆ ಸಹಿ ಯಾರದ್ದು ಮೊದಲು ಎಂಬ ಜಗಳ. ಇವು ಸಣ್ಣ ಮಾತುಗಳಂತೆ ಕೇಳುತ್ತವೆ, ಅಲ್ವಾ? ಆದರೆ ಇಂಥ ಸಣ್ಣ ಮಾತುಗಳೇ ಬುದ್ಧಿವಂತ ಹುಡುಗರನ್ನು ಮತ್ತೆ ತಮ್ಮ ತಮ್ಮ ಡಿಪಾರ್ಟ್‌ಮೆಂಟಿನೊಳಕ್ಕೆ ತಳ್ಳುತ್ತವೆ.

ನಮ್ಮ ಸೀಮೆಗೆ ಇರುವ ಅನುಕೂಲ ಮಾತ್ರ ಕಡಿಮೆಯಲ್ಲ. ವೈದ್ಯಕೀಯ ಕಾಲೇಜು, ಮೊದಲು ವಿಮ್ಸ್ ಎನ್ನುತ್ತಿದ್ದದ್ದು, ಬಳ್ಳಾರಿಯಲ್ಲಿದೆ. ಕೃಷಿ ವಿಶ್ವವಿದ್ಯಾಲಯ ರಾಯಚೂರಿನಲ್ಲಿದೆ. ಕಂಪ್ಯೂಟರ್ ವಿದ್ಯೆಗೆ 2019ರಲ್ಲಿ ಶುರುವಾದ ಐಐಐಟಿ ಅಲ್ಲೇ ಇದೆ. ಭಾಷೆ, ಜಾನಪದ, ಪುರಾತತ್ವಕ್ಕೆ ಹಂಪಿಯಲ್ಲಿ 1991ರಿಂದ ಕನ್ನಡ ವಿಶ್ವವಿದ್ಯಾಲಯ ಇದೆ. ಬಳ್ಳಾರಿಯಲ್ಲಿ 2010ರಿಂದ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ ಇದೆ. ಒಂದೇ ಕ್ಯಾಂಪಸ್ಸಿನಲ್ಲಿ ಇರಬೇಕಾದ್ದೆಲ್ಲ ನಮ್ಮಲ್ಲಿ ಬೇರೆ ಬೇರೆ ಊರಿನಲ್ಲಿ ಹರಡಿಕೊಂಡಿದೆ. ಒಂದು ದಿನದ ಬಸ್ ಪ್ರಯಾಣದೊಳಗೆ ಎಲ್ಲವೂ ಸಿಗುತ್ತವೆ. ಸೇರಿಸುವ ಬಸ್ಸೊಂದು ಬೇಕು.

ನಾನು ಒಂದು ಸಲ ಅಂಥದ್ದೇ ಬಸ್ಸು ಮಾಡಿದೆ, ನಿಜವಾದದ್ದು. ಬಳ್ಳಾರಿಯ ರಾಬರ್ಟ್ ಬ್ರೂಸ್ ಫೂಟ್ ಸಂಗನಕಲ್ಲು ಮ್ಯೂಸಿಯಂ ನೋಡಿಕೊಂಡು ಕುಡತಿನಿಗೆ. ಬಿಎಸ್ಸಿ, ಬಿ.ಎ, ಬಿ.ಕಾಂ ಹುಡುಗರು ಕಲಬೆರಕೆ. ದಿಬ್ಬದ ಮುಂದೆ ನಾನು ಸಿಲಿಕಾ, ಕ್ಷಾರ ಎಂದು ವಿವರಿಸುತ್ತಿದ್ದೆ. ಬಿಎಸ್ಸಿ ಹುಡುಗರು ತಲೆ ಆಡಿಸುತ್ತಿದ್ದರು. ಬಿ.ಕಾಂ ಹುಡುಗಿಯೊಬ್ಬಳು ಕೈ ಎತ್ತಿದಳು. "ಮೇಡಂ, ಇಷ್ಟು ಬೂದಿ ಆಗ್ಬೇಕಂದ್ರೆ ಎಷ್ಟು ದನ? ಎಷ್ಟು ವರ್ಷ?"

ಅಲ್ಲೇ ನೋಟ್‌ಬುಕ್ ತೆಗೆದಳು. ಒಂದು ದನ ದಿನಕ್ಕೆ ಎಷ್ಟು ಸಗಣಿ ಹಾಕುತ್ತದೆ? ಮನೆಯಲ್ಲಿ ದನ ಇದ್ದ ಹುಡುಗನೊಬ್ಬ, "ನಾಟಿ ಆಕಳಾದ್ರ ಒಂದು ಹತ್ತು ಕೆಜಿ ಹಿಡಿ" ಎಂದ. ಅದರಲ್ಲಿ ಐದರಲ್ಲಿ ನಾಲ್ಕು ಪಾಲು ನೀರು, ಒಣಗಿದರೆ 2 ಕೆಜಿ ಎಂದೆ ನಾನು. ಸುಟ್ಟರೆ ಕಾಲು ಭಾಗ ಬೂದಿ, ಅಂದರೆ ಅರ್ಧ ಕೆಜಿ. ನೂರು ದನಕ್ಕೆ ದಿನಕ್ಕೆ 50 ಕೆಜಿ. ವರ್ಷಕ್ಕೆ 18 ಟನ್ ಎಂದು ಅವಳು ಬರೆದಳು. ಸಂಜೆ ಮನೆಗೆ ಬಂದು ಅವ್ವನಿಗೆ ಹೇಳಿದರೆ, ಅವ್ವ ಒಪ್ಪಲಿಲ್ಲ. "ಎಲ್ಲಾ ಸಗಣಿ ದೊಡ್ಡ್ಯಾಗ ಬೀಳ್ತದೇನು? ಹಗಲೆಲ್ಲ ದನ ಅಡವ್ಯಾಗ ಇರ್ತಾವು. ಅರ್ಧ ತೆಗಿ." ಮರುದಿನ ಆ ಹುಡುಗಿ 18 ಹೊಡೆದು ಹಾಕಿ 9 ಎಂದು ಬರೆದಳು. ಆಮೇಲೆ ಮಳೆಗೆ ಕೊಚ್ಚಿಹೋಗಿದ್ದು, ಬೆಂಕಿಗೆ ಸಿಗದೆ ಉಳಿದದ್ದು ಎಂದು ಇನ್ನೊಂದಿಷ್ಟು ಕಳೆದಳು. ಲೆಕ್ಕಪತ್ರದ ಹುಡುಗಿ, ತೇಮಾನು ಕಳೆಯದೆ ಬಿಡುತ್ತಾಳಾ?

ದಿಬ್ಬದ ಅಳತೆ ಬೇಕು ಎಂದು ಈಗ ಭೂಗೋಳದ ಮೇಷ್ಟರ ಬೆನ್ನು ಬಿದ್ದಿದ್ದಾಳೆ. ಅದರ ನಡುವೆ ಅವಳ ಇನ್ನೊಂದು ಪ್ರಶ್ನೆ ಹಾಗೇ ನಿಂತಿದೆ: "ಗೊಬ್ಬರ ಆಗೋ ಸಗಣಿನ ಯಾರಾದ್ರೂ ಸುಮ್ನೆ ಸುಡ್ತಾರಾ ಮೇಡಂ?" ನೊಣ, ರೋಗ ಹೋಗಲಿ ಎಂದು ಸುಟ್ಟಿರಬಹುದು ಎಂದೆ. ಆಲ್ಚಿನ್ ಬೇರೆ ದಾರಿ ತೋರಿಸಿದ್ದರು. ಹಬ್ಬದ ಬೆಂಕಿ ಇರಬಹುದು, ನಮ್ಮ ಜನ ವರ್ಷದ ಹಬ್ಬಗಳಲ್ಲಿ ಈಗಲೂ ಬೆಂಕಿ ಹಾಕುವ ಪದ್ಧತಿಗೂ ಇದಕ್ಕೂ ನಂಟಿರಬಹುದು ಎಂದು. ಸಂಕ್ರಾಂತಿಗೆ ಮೈಸೂರು ಕಡೆ ದನಗಳಿಗೆ ಕಿಚ್ಚು ಹಾಯಿಸುತ್ತಾರಲ್ಲ, ಅಂಥದ್ದು. ಇದು ಕೆಮಿಸ್ಟ್ರಿಯ ಪ್ರಶ್ನೆ ಅಲ್ಲ. ಹಂಪಿಯಲ್ಲಿ ಜಾನಪದ ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಯ ನಂಬರ್ ಕೊಟ್ಟು ಕಳಿಸಿದ್ದೇನೆ.